ಏಳು ದಿನ, ಆರು ಜಾದೂ: ಮಕ್ಕಳ ಶಿಬಿರ ನಡೆಸುವವರಿಗೆ

(ಶಿಕ್ಷಕರು, ಬೇಸಿಗೆ ಶಿಬಿರದ ಸಂಚಾಲಕರು ಮತ್ತು ಹವ್ಯಾಸಿ ಜಾದೂಗಾರರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಸ್ನೇಹಿತರೆ,

ಏಪ್ರಿಲ್ ಬಂತೆಂದರೆ ಊರೂರಲ್ಲೂ ಬೇಸಿಗೆ ಶಿಬಿರದ ಫ್ಲೆಕ್ಸ್ ಕಾಣುತ್ತವೆ. ಚಿತ್ರಕಲೆ, ರಂಗಗೀತೆ, ಜೇಡಿಮಣ್ಣಿನ ಕೆಲಸ, ಅವುಗಳ ನಡುವೆ ಒಂದು ಮಧ್ಯಾಹ್ನ ‘ಮ್ಯಾಜಿಕ್’. ಜಾದೂಗಾರರೊಬ್ಬರು ಬಂದು ಒಂದು ಗಂಟೆ ಪ್ರದರ್ಶನ ಕೊಟ್ಟು, ಕೊನೆಯಲ್ಲಿ ನಾಲ್ಕು ಗುಟ್ಟು ಹೇಳಿಕೊಟ್ಟು ಹೋಗುತ್ತಾರೆ. ಸಂಜೆ ಮಗು ಅದನ್ನೇ ಮನೆಯಲ್ಲಿ ಮಾಡಹೊರಟು ಕೈ ತಪ್ಪುತ್ತದೆ. ಅಣ್ಣನೋ ಅಕ್ಕನೋ ‘ನಂಗೊತ್ತು ಬಿಡು’ ಅಂದರೆ ಮುಗಿಯಿತು, ಆ ಹಗ್ಗ ಮತ್ತೆ ಚೀಲದಿಂದ ಹೊರಗೆ ಬರುವುದಿಲ್ಲ. ಗುಟ್ಟು ತಿಳಿಯಲು ಎರಡು ನಿಮಿಷ ಸಾಕು. ಮಾಡಿ ತೋರಿಸಲು ಕಲಿಯುವುದಕ್ಕೆ ದಿನಗಳು ಬೇಕು. ಶಿಬಿರ ಅಂತ ಮಾಡುವುದಾದರೆ ಆ ದಿನಗಳನ್ನು ಮಗುವಿಗೆ ಕೊಡಲೆಂದೇ ಮಾಡಬೇಕು. ಇವತ್ತು ನಾನು ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತರಣೆ: ಕಲಿಸುವುದು ಕಡಿಮೆ ಇರಲಿ, ಮಾಡಿಸುವುದು ಹೆಚ್ಚಿರಲಿ.

ಮೊದಲು ಲೆಕ್ಕಾಚಾರ. 9ರಿಂದ 13 ವರ್ಷದವರನ್ನು ಸೇರಿಸಿಕೊಳ್ಳಿ. ಅದಕ್ಕಿಂತ ಚಿಕ್ಕವರು ಜಾದೂ ನೋಡಿ ಸಂತೋಷಪಡುತ್ತಾರೆ. ಆದರೆ ಹೆಚ್ಚಿನವರ ಬೆರಳುಗಳಿಗೆ ಬೇಕಾದ ಹಿಡಿತ ಇನ್ನೂ ಬಂದಿರುವುದಿಲ್ಲ, ಮಾಡಿ ತೋರಿಸಿದ ಮರುಕ್ಷಣವೇ ‘ಹೆಂಗೆ ಮಾಡ್ದೆ ಗೊತ್ತಾ’ ಅಂತ ತಾವಾಗಿಯೇ ಹೇಳಿಬಿಡುತ್ತಾರೆ. ಒಂದು ತಂಡಕ್ಕೆ 24 ಮಕ್ಕಳು, ಒಬ್ಬ ಮುಖ್ಯ ತರಬೇತುದಾರ, ಮೂವರು ಸಹಾಯಕರು. ಅಂದರೆ ಎಂಟು ಮಕ್ಕಳ ಕೈ ನೋಡಲು ಒಬ್ಬರು. ಚಿತ್ರಕಲೆಯಲ್ಲಿ ಒಬ್ಬ ಶಿಕ್ಷಕ ನಲವತ್ತು ಮಕ್ಕಳನ್ನು ಸಂಭಾಳಿಸಬಹುದು, ಏಕೆಂದರೆ ತಪ್ಪು ಕಾಗದದ ಮೇಲೆ ಕಾಣುತ್ತದೆ. ಜಾದೂವಿನಲ್ಲಿ ತಪ್ಪು ಮುಷ್ಟಿಯೊಳಗಿರುತ್ತದೆ, ಹತ್ತಿರ ಕೂತು ನೋಡದೆ ತಿದ್ದಲಾಗದು. ಸಹಾಯಕರು ಜಾದೂಗಾರರೇ ಆಗಬೇಕಿಲ್ಲ. ಶಿಬಿರದ ಹಿಂದಿನ ವಾರ ಆರೂ ಜಾದೂಗಳನ್ನು ಅವರಿಗೆ ಕಲಿಸಿ, ನಿಮ್ಮೆದುರು ಮಾಡಿ ತೋರಿಸಲು ಹೇಳಿ, ಅಷ್ಟು ಸಾಕು. ಸಮಯ ಬೆಳಿಗ್ಗೆ 9:30ರಿಂದ 12:30. ಮಧ್ಯೆ ಮಜ್ಜಿಗೆ, ಮಂಡಕ್ಕಿಗೆ ಇಪ್ಪತ್ತು ನಿಮಿಷ. ಏಪ್ರಿಲ್ ಮಧ್ಯಾಹ್ನದ ಸೆಕೆಯಲ್ಲಿ ಅಂಗೈ ಬೆವರಿದರೆ ಕಾಗದ ಅಂಟುತ್ತದೆ, ರಬ್ಬರ್ ಬ್ಯಾಂಡ್ ಜಾರುವುದಿಲ್ಲ, ಮಕ್ಕಳು ಸಿಡುಕುತ್ತಾರೆ.

ಏಳನೇ ದಿನ ತಂದೆತಾಯಿಯರ ಮುಂದೆ ಪ್ರದರ್ಶನ. ಯೋಜನೆಯನ್ನು ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬನ್ನಿ. ಆರನೇ ದಿನ ಪೂರ್ತಿ ರಿಹರ್ಸಲ್. ಐದನೇ ದಿನ ಹೊಸದೇನೂ ಕಲಿಸದೆ ಮಾತು ಬರೆಯುವುದು. ಉಳಿಯುವುದು ನಾಲ್ಕು ದಿನ. ಮೊದಲ ದಿನ ಪೇಪರ್ ಕ್ಲಿಪ್ ಮತ್ತು ರಬ್ಬರ್ ಬ್ಯಾಂಡ್, ಎರಡನೇ ದಿನ ಅಂಕಿಯ ಜಾದೂ ಮತ್ತು ಕಾಗದದ ಬಳೆ, ಮೂರನೇ ದಿನ ಹಗ್ಗ, ನಾಲ್ಕನೇ ದಿನ ಮೂರು ಪೇಪರ್ ಕಪ್ಪುಗಳ ಆಟ. ಒಟ್ಟು ಆರು. ‘ಏಳು ದಿನಕ್ಕೆ ಬರೀ ಆರಾ?’ ಅಂತ ಪೋಷಕರು ಕೇಳುತ್ತಾರೆ. ಕರಪತ್ರದಲ್ಲಿ ‘25 ಜಾದೂ ಕಲಿಸಲಾಗುವುದು’ ಎಂದು ಹಾಕುವ ಆಸೆಗೆ ದಯವಿಟ್ಟು ಬೀಳಬೇಡಿ. ಇಪ್ಪತ್ತೈದು ಗುಟ್ಟು ಕೇಳಿದ ಮಗುವಿಗೆ ಒಂದೂ ಮಾಡಲು ಬರುವುದಿಲ್ಲ.

ಮೊದಲ ದಿನದ ಜಾದೂ ತಾನಾಗಿಯೇ ಆಗುವಂಥದ್ದಿರಬೇಕು, ಕೈಚಳಕ ಬೇಡ. ಅದಕ್ಕೇ ಪೇಪರ್ ಕ್ಲಿಪ್. 7 ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದದ ಕಾಗದದ ಪಟ್ಟಿಯನ್ನು ಮೇಲಿನಿಂದ ನೋಡಿದರೆ ಇಂಗ್ಲಿಷ್ ಎಸ್ ಅಕ್ಷರದಂತೆ ಕಾಣುವ ಹಾಗೆ ಮೂರು ಪದರವಾಗಿ ಬಾಗಿಸಿ. ಮುಂದಿನ ಎರಡು ಪದರಗಳಿಗೆ ಒಂದು ಕ್ಲಿಪ್, ಹಿಂದಿನ ಎರಡು ಪದರಗಳಿಗೆ ಇನ್ನೊಂದು. ಎರಡು ತುದಿ ಹಿಡಿದು ಎಳೆದರೆ ಕ್ಲಿಪ್ಪುಗಳು ಹತ್ತಿರ ಬಂದು, ಕೊನೆಯ ಜಗ್ಗಿಗೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಮೇಜಿನ ಮೇಲೆ ಬೀಳುತ್ತವೆ. ಮಕ್ಕಳು ತಪ್ಪುವುದು ಒಂದೇ ಕಡೆ: ಕ್ಲಿಪ್ಪನ್ನು ಮೂರೂ ಪದರಕ್ಕೆ ಸೇರಿಸಿ ಹಾಕುತ್ತಾರೆ, ಆಗ ಕಾಗದ ಹರಿಯುತ್ತದೆ. ಹತ್ತು ನಿಮಿಷದಲ್ಲಿ ಇಪ್ಪತ್ನಾಲ್ಕು ಮಕ್ಕಳಿಗೂ ಬಂದಿರುತ್ತದೆ. ಆ ಸಂಜೆ ಮನೆಯಲ್ಲಿ ಗೆದ್ದು ಬಂದ ಮಗು ಮರುದಿನ ಕಷ್ಟದ ಕೆಲಸಕ್ಕೂ ಕೈ ಹಾಕುತ್ತದೆ.

ಅಂಕಿಯ ಜಾದೂ ಎಂದರೆ ಹಳೆಯ 1089. ಮೂರು ಅಂಕಿಯ ಸಂಖ್ಯೆ ಬರೆಸಿ, ಮೊದಲ ಅಂಕಿಗೂ ಕೊನೆಯ ಅಂಕಿಗೂ ಕನಿಷ್ಠ 2ರ ವ್ಯತ್ಯಾಸವಿರಲಿ. ತಿರುವಿ ಬರೆದು, ದೊಡ್ಡದರಿಂದ ಚಿಕ್ಕದನ್ನು ಕಳೆಯಲಿ. ಬಂದದ್ದನ್ನು ಮತ್ತೆ ತಿರುವಿ ಕೂಡಿಸಲಿ. 732ರಲ್ಲಿ 237 ಕಳೆದರೆ 495, ಅದಕ್ಕೆ 594 ಸೇರಿಸಿದರೆ 1089. ಲಕೋಟೆಯೊಳಗಿನ ಚೀಟಿಯಲ್ಲಿ ಮೊದಲೇ 1089 ಬರೆದಿರುತ್ತದೆ. ಇದು ಎರಡು ಕಡೆ ಕೈಕೊಡುತ್ತದೆ. ಮೊದಲ ಮತ್ತು ಕೊನೆಯ ಅಂಕಿಯ ವ್ಯತ್ಯಾಸ ಬರೀ 1 ಇದ್ದರೆ ಕಳೆದಾಗ 99 ಬರುತ್ತದೆ. ಅದನ್ನು 099 ಎಂದು ಬರೆದು 990 ಕೂಡಿಸದಿದ್ದರೆ ಉತ್ತರ 198 ಆಗಿಬಿಡುತ್ತದೆ. ಇನ್ನೊಂದು, ವೇದಿಕೆಗೆ ಬಂದವರು ಗಾಬರಿಯಲ್ಲಿ ಕಳೆಯುವ ಲೆಕ್ಕವನ್ನೇ ತಪ್ಪುತ್ತಾರೆ. ಆದ್ದರಿಂದ ಲೆಕ್ಕ ಹಲಗೆಯ ಮೇಲೆ ದೊಡ್ಡದಾಗಿ ನಡೆಯಲಿ, ಸಭೆಯೇ ತಿದ್ದುತ್ತದೆ.

ಕಾಗದದ ಬಳೆಗೆ ಹಳೆಯ ಪತ್ರಿಕೆಯ 5 ಸೆಂ.ಮೀ. ಅಗಲದ ಪಟ್ಟಿಗಳು, ಎರಡೆರಡು ಪಟ್ಟಿ ಅಂಟಿಸಿ ಸುಮಾರು ಒಂದು ಮೀಟರ್ ಉದ್ದ. ತಿರುಚದೆ ಅಂಟಿಸಿದ ಬಳೆಯನ್ನು ಅಗಲದ ನಡುವೆ ಉದ್ದಕ್ಕೂ ಕತ್ತರಿಸಿದರೆ ಎರಡು ಬಳೆ. ಒಂದು ತುದಿಯನ್ನು ಅರ್ಧ ಸುತ್ತು ತಿರುಚಿ ಅಂಟಿಸಿದ್ದರೆ ಒಂದೇ ಉದ್ದನೆಯ ಬಳೆ. ಪೂರ್ತಿ ಒಂದು ಸುತ್ತು ತಿರುಚಿದ್ದರೆ ಕೊಂಡಿ ಹಾಕಿಕೊಂಡ ಎರಡು ಬಳೆ. 1858ರಲ್ಲಿ ಜರ್ಮನಿಯ ಗಣಿತಜ್ಞ ಮೋಬಿಯಸ್ ಕೆಲಸ ಮಾಡಿದ ಪಟ್ಟಿ ಇದೇ, ಅರ್ಧ ಸುತ್ತಿನದು. ಮೈದಾ ಅಂಟು ಒಣಗಲು ಸಮಯ ಬೇಕು. ಹಿಂದಿನ ದಿನವೇ ಅಂಟಿಸಿಡಿ. ಹಸಿ ಅಂಟಿನ ಬಳೆ ಕತ್ತರಿ ಅಲ್ಲಿಗೆ ಬಂದಾಗ ಬಿಟ್ಟುಕೊಳ್ಳುತ್ತದೆ.

ಈಗ ಹಗ್ಗ. ಶಿಬಿರದ ಬೆನ್ನೆಲುಬು ಇದು, ಅದಕ್ಕೇ ಸ್ವಲ್ಪ ನಿಂತು ಹೇಳುತ್ತೇನೆ. ಹಗ್ಗವನ್ನು ನಡುವೆ ಕತ್ತರಿಸಿ, ಗಂಟು ಹಾಕಿ, ಗಂಟನ್ನು ಮಾಯ ಮಾಡಿ ಇಡೀ ಹಗ್ಗ ತೋರಿಸುವುದು. ಹತ್ತಿಯ ಹೆಣಿಗೆ ಹಗ್ಗ 6ರಿಂದ 8 ಮಿ.ಮೀ. ದಪ್ಪ ಇರಲಿ, ಒಳಗೆ ನೂಲಿನ ತಿರುಳಿದ್ದರೆ ಎಳೆದು ತೆಗೆಯಿರಿ, ಮೆತ್ತಗಾಗುತ್ತದೆ. ನೈಲಾನ್ ಬೇಡ. ಅದು ಸೆಟೆದುಕೊಂಡು ಬೆರಳಿನೊಳಗೆ ಬಾಗಿ ಕೂರುವುದಿಲ್ಲ, ಗಂಟೂ ಜಾರುತ್ತದೆ. ಮಗುವಿಗೆ 2 ಮೀಟರ್. ಪ್ರತಿ ಸಲ 10 ಸೆಂ.ಮೀ.ಗಿಂತ ತುಸು ಹೆಚ್ಚು ಖರ್ಚಾಗುತ್ತದೆ, 1 ಮೀಟರಿಗಿಂತ ಕಡಿಮೆಯಾದರೆ ನೋಡುವವರಿಗೆ ಚೆನ್ನಾಗಿ ಕಾಣುವುದಿಲ್ಲ. 24 ಮಕ್ಕಳಿಗೆ 48 ಮೀಟರ್, ಪ್ರದರ್ಶನದ ದಿನಕ್ಕೆ ಹೊಸ ಹಗ್ಗವೂ ಬೇಕಲ್ಲ, ಅದಕ್ಕಾಗಿ 80 ಮೀಟರ್ ತಂದಿಡಿ.

ಮಾಡುವ ಬಗೆ ಹೀಗೆ. ಹಗ್ಗದ ಎರಡು ತುದಿಗಳನ್ನು ಎಡಗೈ ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಹಿಡಿಯಿರಿ, ತುದಿಗಳು 5 ಸೆಂ.ಮೀ. ಮೇಲೆ ಕಾಣಲಿ, ನಡುಭಾಗ ಕೆಳಗೆ ಜೋಲಲಿ. ಬಲಗೈ ಹೆಬ್ಬೆರಳು, ತೋರುಬೆರಳನ್ನು ಆ ಜೋಲಿನೊಳಗೆ ತೂರಿಸಿ ಅದನ್ನು ಎಡಗೈಯ ಹತ್ತಿರಕ್ಕೆ ಎತ್ತಿ. ಎಡಗೈಯ ಮರೆಗೆ ಬಂದ ಕೂಡಲೇ, ಒಂದು ತುದಿಯ ಕೆಳಗೆ ಮುಷ್ಟಿಗೆ ತಾಗಿದಂತಿರುವ ಹಗ್ಗವನ್ನು ಅದೇ ಎರಡು ಬೆರಳಿಂದ ಹಿಡಿದು, ಜೋಲಿನ ಮೂಲಕ ಮೇಲಕ್ಕೆ ಎಳೆಯಿರಿ. ಈಗ ಹೆಬ್ಬೆರಳ ಮೇಲೆ ಕಾಣುವ ಪುಟ್ಟ ಕುಣಿಕೆಯನ್ನು ಎಲ್ಲರೂ ಹಗ್ಗದ ನಡು ಅಂದುಕೊಳ್ಳುತ್ತಾರೆ. ನಿಜವಾದ ನಡು ಅದರ ಬುಡಕ್ಕೆ ಸಿಕ್ಕಿಕೊಂಡು ಮುಷ್ಟಿಯೊಳಗಿದೆ. ಪುಟ್ಟ ಕುಣಿಕೆಯನ್ನು ಕತ್ತರಿಸಿದಾಗ ನಾಲ್ಕು ತುದಿ ಕಾಣುತ್ತವೆ. ಉದ್ದದ ಹಗ್ಗಕ್ಕೆ ಸೇರಿದ ಎರಡನ್ನು ಕೆಳಗೆ ಬಿಡಿ, ಮೇಲೆ ಉಳಿದ ಚಿಕ್ಕ ತುಂಡಿನ ಎರಡು ತುದಿಗಳನ್ನು ಗಂಟು ಹಾಕಿ. ನೋಡುವವರಿಗೆ ಅದು ಎರಡು ಹಗ್ಗ ಕೂಡಿಸಿದ ಗಂಟು. ವಾಸ್ತವದಲ್ಲಿ ಅಖಂಡ ಹಗ್ಗದ ಮೇಲೆ ಕಟ್ಟಿದ ಒಂದು ತುಂಡು. ಹಗ್ಗವನ್ನು ಎಡಗೈಗೆ ಸುತ್ತುತ್ತ ಹೋದಂತೆ ಬಲಗೈ ಮುಷ್ಟಿಯೊಳಗೆ ಗಂಟು ಜಾರಿ ತುದಿಯಿಂದ ಹೊರಬರುತ್ತದೆ. ಕಾಣದ ಮಂತ್ರಪುಡಿ ತೆಗೆಯುವ ನೆವದಲ್ಲಿ ಬಲಗೈ ಜೇಬಿಗೆ ಹೋಗಿ ಗಂಟನ್ನು ಅಲ್ಲೇ ಬಿಟ್ಟು ಬರಲಿ. ಜೇಬಿಲ್ಲದ ಫ್ರಾಕು, ಲಂಗ ತೊಟ್ಟ ಹುಡುಗಿಯರಿಗೆ ಸೊಂಟಕ್ಕೆ ಕಟ್ಟುವ ಪುಟ್ಟ ಬಟ್ಟೆಚೀಲ ಮೊದಲೇ ಹೊಲಿಸಿಡಿ. ಪ್ರದರ್ಶನದ ಬೆಳಿಗ್ಗೆ ನೆನಪಾದರೆ ಪ್ರಯೋಜನವಿಲ್ಲ.

ಎಲ್ಲೆಲ್ಲಿ ಕೆಡುತ್ತದೆ? ಕುಣಿಕೆಯನ್ನು ಜಾಸ್ತಿ ಎಳೆದರೆ ತುಂಡು 20 ಸೆಂ.ಮೀ. ಆಗಿ ಗಂಟು ದಪ್ಪವಾಗುತ್ತದೆ, ಮುಷ್ಟಿಯಲ್ಲಿ ಅಡಗದು. ಗಂಟು ಬಿಗಿಯಾದರೆ ಜಾರದು, ಸಡಿಲವಾದರೆ ಬಿಚ್ಚಿಕೊಳ್ಳುತ್ತದೆ. ಕತ್ತರಿಯ ವಿಷಯ ಹೆಚ್ಚಿನವರು ಯೋಚಿಸುವುದಿಲ್ಲ: ಮಕ್ಕಳಿಗೆಂದು ಮಾರುವ ಮೊಂಡು ಕತ್ತರಿ ಹಗ್ಗವನ್ನು ಕತ್ತರಿಸದೆ ಜಗಿಯುತ್ತದೆ. ಮಗು ಜಗ್ಗುತ್ತದೆ, ಮುಷ್ಟಿ ಸಡಿಲವಾಗುತ್ತದೆ, ಒಳಗಿನ ನಡು ಹೊರಬೀಳುತ್ತದೆ. ಚೆನ್ನಾಗಿ ಹರಿತವಾದ ಕತ್ತರಿಯೇ ಬೇಕು, ನಾಲ್ಕು ಮಕ್ಕಳಿಗೆ ಒಂದರಂತೆ, ಸಹಾಯಕರ ಕೈಯಲ್ಲಿ. ಕೊಡುವಾಗ ಎಣಿಸಿ, ಮುಗಿದ ಮೇಲೆ ಮರಳಿ ಪಡೆಯುವಾಗ ಎಣಿಸಿ. ಮೊದಲ ಹತ್ತು ಸಲ ಕತ್ತರಿಯೇ ಬೇಡ, ಕುಣಿಕೆ ಮೇಲೆಳೆಯುವವರೆಗೆ ಮಾಡಿ, ಬಿಚ್ಚಿ, ಮತ್ತೆ ಮಾಡಲಿ. ಹಗ್ಗವೂ ಉಳಿಯುತ್ತದೆ, ಕೈಯೂ ಕೂರುತ್ತದೆ.

ಕಲಿಸುವಾಗ ಮಕ್ಕಳಿಗೆ ಎದುರಾಗಿ ನಿಲ್ಲಬೇಡಿ. ನಿಮ್ಮ ಬಲಗೈ ಅವರಿಗೆ ಎಡಗೈಯ ಕಡೆ ಕಾಣುತ್ತದೆ, ಅರ್ಧದಷ್ಟು ಮಕ್ಕಳು ಕೈ ಅದಲುಬದಲು ಮಾಡಿಕೊಳ್ಳುತ್ತಾರೆ. ಬೆನ್ನು ತಿರುಗಿಸಿ ನಿಂತು ಕೈಗಳನ್ನು ಭುಜದ ಪಕ್ಕಕ್ಕೆ ಎತ್ತಿ ತೋರಿಸಿ, ಅಥವಾ ಎಂಟೆಂಟರ ಗುಂಪಿನಲ್ಲಿ ಅವರ ಪಕ್ಕದಲ್ಲೇ ಕೂತು ಮಾಡಿ. ಎಡಚ ಮಕ್ಕಳನ್ನು ಮೊದಲ ದಿನವೇ ಗುರುತಿಸಿ. ಅವರಿಗೆ ಮಾತ್ರ ನೀವು ಎದುರು ಕೂತು ಕನ್ನಡಿಯಂತೆ ತೋರಿಸಿದರೆ ಸುಲಭವಾಗುತ್ತದೆ.

ಮೂರು ಕಪ್ಪಿನಾಟ, ಅಂದರೆ ಬೋರಲು ಕಪ್ಪಿನ ಮೇಲಿಟ್ಟ ಗೋಲಿ ತಳ ತೂರಿ ಒಳಗೆ ಬಂದಂತೆ ತೋರಿಸುವುದು, ನಮ್ಮ ಬೀದಿ ಜಾದೂಗಾರರು ಸಂತೆ, ಜಾತ್ರೆಗಳಲ್ಲಿ ನೆಲದ ಮೇಲೆ ಕೂತು, ಸುತ್ತ ಜನ ನಿಂತಿರುವಾಗಲೇ ಮಾಡುತ್ತ ಬಂದ ಆಟ. ಅವರ ಕೈಯ ಮಟ್ಟ ಬೇರೆ. ಮಕ್ಕಳಿಗೆ ಚಹಾದ ಪೇಪರ್ ಕಪ್ಪು ಮೂರು, ಕಾಗದದ ಕರವಸ್ತ್ರದಿಂದ ಉಂಡೆ ಮಾಡಿದ ಗೋಲಿ ನಾಲ್ಕು. ಸಭೆಗೆ ಮೂರು ಮಾತ್ರ ಗೊತ್ತು. ಒಂದರೊಳಗೊಂದು ಇಟ್ಟ ಕಪ್ಪುಗಳಲ್ಲಿ ನಡುವಿನದರೊಳಗೆ ನಾಲ್ಕನೆಯದು ಅಡಗಿರುತ್ತದೆ. ಕಪ್ಪನ್ನು ಮೇಜಿಗೆ ಬೋರಲು ಹಾಕುವಾಗ ಕೈ ಒಂದೇ ಬೀಸಿನಲ್ಲಿ ಬರಬೇಕು, ಆಗ ಗೋಲಿ ಒಳಗೇ ಉಳಿಯುತ್ತದೆ. ಹೆದರಿ ನಿಧಾನ ಮಾಡಿದರೆ ಉರುಳಿ ಹೊರಬೀಳುತ್ತದೆ. ಅದಕ್ಕೇ ಮೊದಲು ಮೂರೂ ಖಾಲಿ ಕಪ್ಪುಗಳನ್ನು ಬೀಸಿ ಇಡುವುದನ್ನೇ ಹದಿನೈದು ನಿಮಿಷ ಮಾಡಿಸಿ, ತುಂಬಿದ ಕಪ್ಪಿಗೂ ಖಾಲಿ ಕಪ್ಪಿಗೂ ಒಂದೇ ಗತಿ ಬರುವವರೆಗೆ. ಸ್ಟೀಲ್ ಲೋಟ ಬೇಡ, ಮೇಜಿಗೆ ತಾಗಿ ಸದ್ದಾಗುತ್ತದೆ ಅಂತ ಮಗು ಬೀಸುವುದನ್ನೇ ತಡೆಯುತ್ತದೆ. ಪೇಪರ್ ಕಪ್ಪು ಕೊಳ್ಳುವಾಗ ಒಂದರೊಳಗೊಂದು ಇಟ್ಟು ನೋಡಿ. ಎರಡು ತಳಗಳ ನಡುವೆ ಗೋಲಿ ಕೂರುವಷ್ಟು ಜಾಗ ಇರಬೇಕು.

ಇಸ್ಪೀಟೆಲೆ ಮತ್ತು ನಾಣ್ಯವನ್ನು ಬಿಟ್ಟಿದ್ದೇಕೆ ಎಂದು ಜಾದೂಗಾರ ಮಿತ್ರರು ಕೇಳಬಹುದು. ಇಸ್ಪೀಟೆಂದರೆ ಜೂಜು ಎಂಬ ಭಾವನೆ ಅನೇಕ ಮನೆಗಳಲ್ಲಿದೆ, ಅದರ ಮೇಲೆ ವಾದಕ್ಕಿಳಿದು ಒಂದು ಮಗುವನ್ನು ಕಳೆದುಕೊಳ್ಳುವುದು ಬೇಡ. ನಾಣ್ಯ ಮಾಯ ಮಾಡುವುದಂತೂ ತಿಂಗಳುಗಟ್ಟಲೆ ಕನ್ನಡಿಯ ಮುಂದೆ ಕೂರುವ ಕೆಲಸ. ಹತ್ತು ರೂಪಾಯಿ ನಾಣ್ಯ 27 ಮಿ.ಮೀ. ಅಗಲ, ಒಂಬತ್ತು ವರ್ಷದ ಅಂಗೈಯಲ್ಲಿ ಅದು ಅಂಚಿನಿಂದ ಇಣುಕುತ್ತದೆ. ಪಾರಿವಾಳ, ಮೊಲ ಖಂಡಿತ ಬೇಡ. ಪ್ರಾಣಿಗಳನ್ನು ಪ್ರದರ್ಶನಕ್ಕೆ ಬಳಸಲು ನೋಂದಣಿ ಬೇಕೆಂಬ ನಿಯಮ 2001ರಿಂದಲೇ ಇದೆ, ಮಕ್ಕಳ ಕೈಗೆ ಸಿಕ್ಕ ಜೀವದ ಪಾಡೂ ಒಳ್ಳೆಯದಲ್ಲ. ಬೆಂಕಿಯನ್ನೂ ತರಬೇಡಿ. ನಾಲಗೆಯ ಮೇಲೆ ಕರ್ಪೂರ ಉರಿಸುವುದನ್ನು ನೀವು ಎಷ್ಟೇ ಎಚ್ಚರದಿಂದ ತೋರಿಸಿದರೂ ಯಾವುದೋ ಮಗು ಮನೆಯ ದೇವರ ಗೂಡಿನ ಕರ್ಪೂರ ಎತ್ತಿಕೊಳ್ಳುತ್ತದೆ.

ಐದನೇ ದಿನದ ಮಾತು ಬರೆಯುವ ಕೆಲಸವನ್ನು ಹಗುರಾಗಿ ಎಣಿಸಬೇಡಿ. ಮಕ್ಕಳು ಟಿ.ವಿ.ಯಲ್ಲಿ ಕೇಳಿದ ಧಾಟಿಯಲ್ಲಿ ‘ಇದು ಹಗ್ಗ, ಇದು ಕತ್ತರಿ, ಈಗ ನಾನು ಕತ್ತರಿಸುತ್ತಿದ್ದೇನೆ’ ಎನ್ನುತ್ತಾರೆ. ಕಣ್ಣಿಗೆ ಕಾಣುವುದನ್ನು ಬಾಯಲ್ಲಿ ಹೇಳುವುದು ವ್ಯರ್ಥ. ‘ಇದು ಸಾಧಾರಣ ಹಗ್ಗ’ ಅನ್ನುವುದು ಇನ್ನೂ ಕೆಟ್ಟದ್ದು, ಯಾರಿಗೂ ಇರದ ಅನುಮಾನವನ್ನು ಎಬ್ಬಿಸುತ್ತದೆ. ಬದಲಿಗೆ ಮಗುವಿನ ಮನೆಯ ಮಾತೇ ಬರಲಿ: ‘ನಮ್ಮಜ್ಜಿ ಬಟ್ಟೆ ಒಣಹಾಕೋ ಹಗ್ಗ ಇದು. ನಾನು ಗಾಳಿಪಟಕ್ಕೆ ಅಂತ ಕತ್ತರಿಸಿಬಿಟ್ಟೆ. ಅಜ್ಜಿ ಬರೋದ್ರೊಳಗೆ ಸರಿ ಮಾಡ್ಬೇಕು!’ ಈಗ ಕತ್ತರಿಸುವುದಕ್ಕೂ ಗಂಟು ಹಾಕುವುದಕ್ಕೂ ಅವಸರಕ್ಕೂ ಕಾರಣ ಸಿಕ್ಕಿತು, ಸಭೆಯ ಕಣ್ಣು ಮುಷ್ಟಿ ಬಿಟ್ಟು ಮಗುವಿನ ಮುಖಕ್ಕೆ ಬಂತು. ಧಾರವಾಡದ ಮಗು ಧಾರವಾಡದ ಮಾತಲ್ಲಿ, ಕುಂದಾಪುರದ ಮಗು ಕುಂದಾಪುರದ ಮಾತಲ್ಲಿ ಹೇಳಲಿ, ತಿದ್ದಬೇಡಿ. ಐದಾರು ಸಾಲು ಬರೆದುಕೊಂಡು, ಕೈಯ ಕೆಲಸದ ಜೊತೆ ಹೊಂದಿಸಿ ಹೇಳಲು ಕಲಿಯುವಷ್ಟರಲ್ಲಿ ಆ ಬೆಳಿಗ್ಗೆ ಮುಗಿಯುತ್ತದೆ.

ಅದೇ ದಿನ ಅರ್ಧ ಗಂಟೆ ಪವಾಡದ ಬಗ್ಗೆ ಮಾತಾಡಲೇಬೇಕು. ಬಿಳಿ ಕಾಗದವನ್ನು ಅರಿಸಿನದ ನೀರಲ್ಲಿ ಅದ್ದಿ ಒಣಗಿಸಿ, ಸೋಪಿನ ನೀರಲ್ಲಿ ಬೆರಳದ್ದಿ ಬರೆಯಲು ಹೇಳಿ. ಅಕ್ಷರ ಕೆಂಪಾಗಿ ಮೂಡುತ್ತದೆ, ನಿಂಬೆರಸ ಸವರಿದರೆ ಮತ್ತೆ ಹಳದಿಯಾಗುತ್ತದೆ. ಸುಣ್ಣ ಬಳಸಿದರೆ ಬಣ್ಣ ಇನ್ನೂ ಗಾಢ, ಆದರೆ ಕಣ್ಣಿಗೆ ಬಿದ್ದರೆ ಅಪಾಯ, ಹಾಗಾಗಿ ಸೋಪೇ ಸಾಕು. ಇದನ್ನೇ ‘ಮಾಟ ಹೊರಬಂತು’ ಎಂದು ತೋರಿಸಿ ದುಡ್ಡು ಕೀಳುವವರಿದ್ದಾರೆ ಎಂದು ಮಕ್ಕಳಿಗೆ ನೇರವಾಗಿ ಹೇಳಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲೆಂದೇ ಸಮಿತಿ ರಚಿಸಿದ್ದು ಇದೇ ನಾಡಿನಲ್ಲಿ. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಸಂವಿಧಾನದ 51ಎ ವಿಧಿ ಹೇಳುವ ಮೂಲಭೂತ ಕರ್ತವ್ಯಗಳಲ್ಲಿ ಒಂದು. ಹಾಗಾದರೆ ಗುಟ್ಟು ಕಾಯಬೇಕೋ, ಬಯಲು ಮಾಡಬೇಕೋ? ಮಕ್ಕಳು ಇದನ್ನು ಕೇಳಿಯೇ ಕೇಳುತ್ತಾರೆ. ರಂಜಿಸಲು ಮಾಡಿದ್ದರ ಗುಟ್ಟು ಕಾಯೋಣ. ಅದೇ ತಂತ್ರ ತೋರಿಸಿ ರೋಗ ವಾಸಿಮಾಡುತ್ತೇನೆ, ಭವಿಷ್ಯ ಹೇಳುತ್ತೇನೆ ಎನ್ನುವವರು ಬಂದರೆ ಗಟ್ಟಿಯಾಗಿ ಹೇಳೋಣ. ಇಷ್ಟು ಸ್ಪಷ್ಟವಾಗಿದ್ದರೆ ಹತ್ತು ವರ್ಷದ ಮಗುವಿಗೂ ಅರ್ಥವಾಗುತ್ತದೆ.

ಗುಟ್ಟಿನ ವಿಷಯದಲ್ಲೇ ಇನ್ನೊಂದು ಮಾತು, ಎಲ್ಲಕ್ಕಿಂತ ಮುಖ್ಯವಾದದ್ದು. ಏಳು ದಿನ ನಾವು ‘ಯಾರಿಗೂ ಹೇಳಬೇಡ’ ಎಂದು ಕಲಿಸುತ್ತಿರುತ್ತೇವೆ. ಆ ಮಾತು ಕೆಟ್ಟವರ ಬಾಯಲ್ಲೂ ಬರುತ್ತದೆ. ಆದ್ದರಿಂದ ಮೊದಲ ದಿನವೇ, ಮಕ್ಕಳಿಗೂ ಪೋಷಕರಿಗೂ ಒಟ್ಟಿಗೆ ಹೇಳಿ: ಜಾದೂವಿನ ಗುಟ್ಟು ಮಾತ್ರ ಗುಟ್ಟು. ನಿನಗೆ ಮುಜುಗರವಾದದ್ದು, ನೋವಾದದ್ದು, ಯಾರಾದರೂ ಮುಟ್ಟಿದ್ದು ಗುಟ್ಟಲ್ಲ, ಅಮ್ಮನಿಗೆ ಹೇಳು, ನಮಗೆ ಹೇಳು. ಅಪ್ಪ ಅಮ್ಮನಿಗೆ ಜಾದೂವಿನ ಗುಟ್ಟು ಹೇಳಿದರೂ ತಪ್ಪಿಲ್ಲ. ಯಾವ ತರಬೇತುದಾರರೂ ಒಂದು ಮಗುವನ್ನು ಒಂಟಿಯಾಗಿ ಕೋಣೆಯೊಳಗೆ ಕರೆದು ಕಲಿಸಕೂಡದು, ಬಾಗಿಲು ತೆರೆದಿರಲಿ, ದೊಡ್ಡವರು ಇಬ್ಬರಿರಲಿ. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ ಕಾಣುವಂತೆ ಬರೆದಿಡಿ. ಫೋಟೊ ತೆಗೆದು ವಾಟ್ಸ್ಆ್ಯಪ್‌ಗೆ ಹಾಕಲು ಪೋಷಕರ ಲಿಖಿತ ಒಪ್ಪಿಗೆ ಅರ್ಜಿಯಲ್ಲೇ ತೆಗೆದುಕೊಳ್ಳಿ.

ಪ್ರದರ್ಶನಕ್ಕೆ ಬರೋಣ. 24 ಮಕ್ಕಳೂ ಒಬ್ಬೊಬ್ಬರಾಗಿ ಎರಡು ನಿಮಿಷ ಮಾಡಿದರೆ, ಹತ್ತಿ ಇಳಿಯುವುದು ಸೇರಿ ಒಂದು ಗಂಟೆ ದಾಟುತ್ತದೆ. ಅದರಲ್ಲಿ ಒಂದೇ ಹಗ್ಗದ ಜಾದೂ ಎಂಟು ಸಲ ಬಂದರೆ ಎಂಟನೆಯ ಹೊತ್ತಿಗೆ ಇಡೀ ಸಭೆಗೆ ಗುಟ್ಟು ಗೊತ್ತಾಗಿರುತ್ತದೆ. ನಾಲ್ವರ ಆರು ತಂಡ ಮಾಡಿ, ತಂಡಕ್ಕೆ ಆರು ನಿಮಿಷ. ಒಬ್ಬರು ಹಗ್ಗ, ಒಬ್ಬರು ಕಪ್ಪು, ಇನ್ನಿಬ್ಬರು ಲೆಕ್ಕ ಅಥವಾ ಬಳೆ. ಪ್ರತಿ ತಂಡದ ಕತೆ ಬೇರೆ. ಹಗ್ಗದ ಆಟ ಮೂರು ತಂಡಕ್ಕೆ ಮೀರದಿರಲಿ, ಉಳಿದ ತಂಡಗಳಲ್ಲಿ ಅದರ ಬದಲು ಬೇರೆ ಜಾದೂ ಬರಲಿ. ನಲವತ್ತೈದು ನಿಮಿಷದೊಳಗೆ ಮುಗಿಯುತ್ತದೆ, ಎಲ್ಲರ ಅಪ್ಪ ಅಮ್ಮನಿಗೂ ತಮ್ಮ ಮಗು ಕಂಡಿರುತ್ತದೆ.

ಸಭಾಂಗಣವನ್ನು ಆರನೇ ದಿನವೇ ನೋಡಿ. ಕಿಟಕಿ ಮಗುವಿನ ಬೆನ್ನಿಗಿದ್ದರೆ ಎದುರಿನವರಿಗೆ ಕಪ್ಪು ನೆರಳು ಮಾತ್ರ ಕಾಣುತ್ತದೆ. ವೇದಿಕೆಯ ಮೇಲಿನ ಸೀಲಿಂಗ್ ಫ್ಯಾನ್ ನಿಲ್ಲಿಸಿ, ಇಲ್ಲದಿದ್ದರೆ ಕಾಗದದ ಬಳೆ ಹಾರುತ್ತದೆ, ಗೋಲಿ ಉರುಳುತ್ತದೆ. ಚಾಪೆಯ ಮೇಲೆ ಕೂರುವ ತಮ್ಮ ತಂಗಿಯರನ್ನು ವೇದಿಕೆಯಿಂದ ಎಂಟು ಅಡಿ ಹಿಂದೆ ಕೂರಿಸಿ. ವೇದಿಕೆಯ ಬುಡದಲ್ಲೇ ಕೂತರೆ ಮುಷ್ಟಿಯ ಕೆಳಗಿನಿಂದ ಅವರಿಗೆ ಎಲ್ಲವೂ ಕಾಣುತ್ತದೆ. ಮೊಬೈಲ್ ಹಿಡಿದ ಪೋಷಕರು ಪಕ್ಕಕ್ಕೆ ಬಂದು ನಿಲ್ಲುತ್ತಾರೆ, ಆ ಕೋನದಿಂದ ಎಡಗೈಯ ಹಿಂಭಾಗ ಬಯಲು. ವೇದಿಕೆಯ ಎರಡು ಬದಿಗೂ ಬೆಂಚು ಅಡ್ಡ ಹಾಕಿ, ‘ಇಲ್ಲಿಂದ ವಿಡಿಯೊ ತೆಗೆಯಬಹುದು’ ಎಂದು ನಡುವಿನಲ್ಲಿ ಜಾಗ ಗುರುತಿಸಿ. ಕರೆಂಟ್ ಹೋದರೆ ಮೈಕಿಲ್ಲದೆ ಕೇಳಿಸುವಷ್ಟು ಗಟ್ಟಿಯಾಗಿ ಮಾತಾಡಲು ರಿಹರ್ಸಲ್‌ನಲ್ಲೇ ಅಭ್ಯಾಸ ಮಾಡಿಸಿ.

ವೇದಿಕೆಯ ಮೇಲೆ ಜಾದೂ ಕೆಟ್ಟರೆ ಏನು ಮಾಡಬೇಕೆಂಬುದೂ ಪಾಠದ ಭಾಗ. ಗೋಲಿ ಬಿದ್ದರೆ ಎತ್ತಿ ಜೇಬಿಗೆ ಹಾಕಿ ‘ಇವತ್ತು ಇದು ನನ್ನ ಮಾತು ಕೇಳ್ತಿಲ್ಲ’ ಅಂದು ಪೇಪರ್ ಕ್ಲಿಪ್ ತೆಗೆಯಲಿ. ಪ್ರತಿ ಮಗುವಿನ ಜೇಬಿನಲ್ಲೂ ಎರಡು ಕ್ಲಿಪ್ಪು, ಒಂದು ಪಟ್ಟಿ ಇರಲೇಬೇಕು, ಏಕೆಂದರೆ ಅದೊಂದು ಕೈಕೊಡುವುದಿಲ್ಲ. ‘ನಂಗೊತ್ತು’ ಅಂತ ಕೂಗುವವರಿಗೆ ಉತ್ತರ: ‘ಗೊತ್ತಿದ್ರೆ ನೀವೂ ನನ್ನ ಹಾಗೇ ಗುಟ್ಟು ಕಾಯಿರಿ!’ ನಗುತ್ತ ಹೇಳಿದರೆ ಸಭೆ ಮಗುವಿನ ಕಡೆಗೇ ನಿಲ್ಲುತ್ತದೆ.

ಪ್ರದರ್ಶನ ಮುಗಿದ ಮೇಲೆ ಪ್ರಮಾಣಪತ್ರದ ಜೊತೆ ಒಂದು ಬಟ್ಟೆಚೀಲ ಕೊಡಿ: ಉಳಿದ ಹಗ್ಗ, ಮೂರು ಕಪ್ಪು, ನಾಲ್ಕು ಗೋಲಿ, ಕ್ಲಿಪ್ಪು, ರಬ್ಬರ್ ಬ್ಯಾಂಡು, ಮಗುವೇ ಬರೆದ ಮಾತಿನ ಹಾಳೆ. ಕತ್ತರಿ ಅದರಲ್ಲಿ ಬೇಡ, ಮನೆಯಲ್ಲಿ ದೊಡ್ಡವರ ಎದುರಲ್ಲೇ ಬಳಸಲಿ. ಶಾಲೆ ಶುರುವಾದ ಮೇಲೆ ಜೂನ್‌ನಲ್ಲಿ ಒಂದು ಭಾನುವಾರ ಎರಡು ಗಂಟೆ ಮತ್ತೆ ಸೇರಿಸಿ. ಎಲ್ಲರೂ ಬರುವುದಿಲ್ಲ. ಬಂದವರಿಗೆ ಏಳನೆಯ ಜಾದೂ ಕಲಿಸಿ, ಗಣೇಶನ ಹಬ್ಬದಲ್ಲಿ ತಮ್ಮ ಬೀದಿಯ ಪೆಂಡಾಲಿನಲ್ಲಿ ಐದು ನಿಮಿಷ ಕೇಳಿ ಪಡೆಯಲು ಹೇಳಿ. ಸಮಿತಿಯವರ ಹತ್ತಿರ ಮಾತಾಡಲು ನೀವೂ ಜೊತೆಗೆ ಹೋಗಿ.